ವಾರ್ಡಿಗೆ ಏನು ಬೇಕು ಅಂತ ವಾಲ್‌ಮನ್‌ಗೆ ಗೊತ್ತು

ನಗರಸಭೆ ಚುನಾವಣೆಗೆ ನಿಲ್ಲುತ್ತೇನೆ ಅಂತ ಮನೆಯಲ್ಲಿ, ಓಣಿಯಲ್ಲಿ ಹೇಳಿದ ಮೇಲೆ ಒಂದು ಪ್ರಶ್ನೆ ಬೆನ್ನು ಬಿಡುತ್ತಿಲ್ಲ. ಎದುರು ಸಿಕ್ಕವರೆಲ್ಲ ಕೇಳುವುದು ಅದನ್ನೇ. "ಆರಿಸಿ ಬಂದ್ರ ವಾರ್ಡಿಗೆ ಏನ್ ತರ್ತೀರಿ?" ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರವನ್ನೂ ಅವರೇ ಜೋಡಿಸಿ ಕೊಡುತ್ತಾರೆ. ಸಿಸಿ ರಸ್ತೆ, ಹೈಮಾಸ್ಟ್ ದೀಪ, ಗುಡಿ ಮುಂದೆ ಒಂದು ಶೆಡ್ಡು, ಕೈ ಹತ್ತಿದರೆ ಒಂದು ಸಮುದಾಯ ಭವನ. ಬೆಂಗಳೂರಿಗೋ ಕಲಬುರಗಿಗೋ ಓಡಾಡಿ ಅನುದಾನ ಹಿಡಿದುಕೊಂಡು ಬಂದವರೇ ಒಳ್ಳೆಯ ಮೆಂಬರು ಅನ್ನೋದು ನಮ್ಮ ಕೊಪ್ಪಳದಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ನನ್ನ ಅಂಗಡಿಗೆ ಬರೋ ಕಾಗದಗಳು ಮಾತ್ರ ಬೇರೆ ಮಾತು ಹೇಳುತ್ತವೆ.

ನಮ್ಮದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಾಡಿಗೆ ಕರಾರು ಪತ್ರ, ಹುಡುಗರ ಪ್ರಾಜೆಕ್ಟು ಎಲ್ಲಾ ಇರುತ್ತೆ. ಆದರೆ ಜಾಸ್ತಿ ಬರೋದು ಅರ್ಜಿ. ಓದು ಬಾರದವರು, ಓದು ಬಂದರೂ ಸರ್ಕಾರಿ ಭಾಷೆ ಬಾರದವರು ಸ್ಟೂಲಿನ ಮೇಲೆ ಕೂತು ತಮ್ಮ ಕಷ್ಟ ಹೇಳುತ್ತಾರೆ. ನಾನು ಅದನ್ನು "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಟೈಪ್ ಮಾಡುತ್ತೇನೆ. ವಿಷಯ ಅನ್ನೋ ಸಾಲಿನಲ್ಲಿ ಏನಿರುತ್ತೆ ಗೊತ್ತಾ? ನಳಕ್ಕೆ ನೀರು ಬಾರದಿರುವ ಬಗ್ಗೆ. ಒಳಚರಂಡಿ ಚೇಂಬರ್ ತುಂಬಿ ಮನೆ ಮುಂದೆ ಹರಿಯುತ್ತಿರುವ ಬಗ್ಗೆ. ಕಂಬದ ದೀಪ ಹತ್ತದಿರುವ ಬಗ್ಗೆ. ಇ-ಖಾತಾದಲ್ಲಿ ತಂದೆಯ ಹೆಸರು ತಪ್ಪಾಗಿರುವ ಬಗ್ಗೆ. ಹೊಸದು ಕೊಡಿ ಅನ್ನೋ ಅರ್ಜಿ ತೀರಾ ಕಡಿಮೆ. ಪೈಪು ಇದೆ, ನೀರಿಲ್ಲ. ಕಂಬ ಇದೆ, ಬೆಳಕಿಲ್ಲ. ಇದ್ದದ್ದು ನಡೆಯಲಿ ಸಾಕು ಅನ್ನೋದೇ ಮುಕ್ಕಾಲು ಪಾಲು ಅರ್ಜಿಗಳ ಬೇಡಿಕೆ.

ಆದರೆ ಅದೇ ಜನ ಚುನಾವಣೆ ಮಾತು ಬಂದಾಗ ಭವನ ಕೇಳುತ್ತಾರೆ. ಯಾಕೆ ಹೀಗೆ ಅಂತ ತುಂಬಾ ಯೋಚಿಸಿದ್ದೇನೆ. ಭವನ ಕಣ್ಣಿಗೆ ಕಾಣುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಚೇಂಬರ್ ತುಂಬಲಿಲ್ಲ ಅನ್ನೋದಕ್ಕೆ ಯಾರೂ ರಿಬ್ಬನ್ ಕತ್ತರಿಸೋಲ್ಲ. ಇದು ಜನರ ತಪ್ಪಲ್ಲ. ನೀರು, ಗಟಾರ, ಕಸ ಇವೆಲ್ಲ ಮೆಂಬರ್ ಕೈಯಲ್ಲಿ ಆಗೋ ಕೆಲಸ ಅನ್ನೋ ಭರವಸೆಯನ್ನೇ ಜನ ಬಿಟ್ಟಿದ್ದಾರೆ. ಆಗದ ಕೆಲಸ ಕೇಳಿ ಏನು ಪ್ರಯೋಜನ, ಸಿಗೋದನ್ನಾದರೂ ಕೇಳೋಣ ಅಂತ ಭವನ ಕೇಳುತ್ತಾರೆ.

ನಸುಕಿನಲ್ಲಿ ವಾಲ್‌ಮನ್ ಜೊತೆ

ನಮ್ಮ ಕಡೆ ನೀರು ಬಿಡೋ ಹುಡುಗನನ್ನು ಎಲ್ಲರೂ ವಾಲ್‌ಮನ್ ಅಂತಲೇ ಕರೆಯೋದು. ಹುಡುಗ ಅಂದೆ, ಈಗ ಅವನಿಗೂ ತಲೆ ಬೆಳ್ಳಗಾಗಿದೆ. ಹೊರಗುತ್ತಿಗೆ ಕೆಲಸ. ಪ್ರಚಾರದ ಕರಪತ್ರದಲ್ಲಿ ಏನು ಬರೀಬೇಕು ಅಂತ ತೋಚದೆ ಕೂತಿದ್ದಾಗ ನಮ್ಮ ಅತ್ತೆ ಒಂದು ಮಾತು ಅಂದರು. "ಊರ ಬಗ್ಗೆ ಬರೀಬೇಕಂದ್ರ ಊರಿಗೆ ನೀರ್ ಬಿಡಾಂವನ್ನ ಕೇಳು." ಅದು ನನಗೆ ಸರಿ ಅನಿಸಿತು. ಒಂದು ದಿನ ನಸುಕಿನಲ್ಲಿ, ಇನ್ನೂ ಗವಿಮಠದ ಗುಡ್ಡ ಕತ್ತಲಲ್ಲಿ ಇರುವಾಗಲೇ ಅವನ ಜೊತೆ ಹೊರಟೆ.

ಕೈಯಲ್ಲಿ ಎದೆಮಟ್ಟದ ಕಬ್ಬಿಣದ ಚಾವಿ. ಮೇಲೆ ಅಡ್ಡ ಹಿಡಿಕೆ, ಕೆಳಗೆ ಚೌಕಾಕಾರದ ಬಾಯಿ. ರಸ್ತೆ ಬದಿಯ ಗುಂಡಿಯ ಕಲ್ಲು ಸರಿಸಿದ. ಒಳಗೆ ಕೆಸರು ನೀರು, ಗುಟ್ಕಾ ಚೀಟು, ತೇಲುತ್ತಿದ್ದ ಒಂದು ಹರಿದ ಚಪ್ಪಲಿ. ವಾಲ್ ಕಾಣುವುದೇ ಇಲ್ಲ. ಅವನು ನೋಡಲೂ ಇಲ್ಲ. ಚಾವಿ ಇಳಿಸಿ, ಎರಡು ಸಲ ಅಲ್ಲಾಡಿಸಿ, ಕಚ್ಚಿಕೊಂಡಿತು ಅಂತ ಕೈಗೆ ಗೊತ್ತಾದ ಮೇಲೆ ತಿರುವಲು ಶುರು ಮಾಡಿದ. ತಿರುವುಗಳನ್ನು ಬಾಯಲ್ಲೇ ಎಣಿಸುತ್ತಿದ್ದ. ಅರ್ಧಕ್ಕೇ ನಿಲ್ಲಿಸಿದ. ಪೂರ್ತಿ ಯಾಕೆ ತಿರುವಲಿಲ್ಲ ಅಂತ ಕೇಳಿದೆ. "ಪೂರ್ತಿ ತಿರುವಿದ್ರ ಇಳಿಜಾರಿನ ಮನಿಗೋಳೇ ಎಲ್ಲಾ ಎಳಕೋತಾವ್ರಿ ಅಕ್ಕಾರ. ದಿಬ್ಬದ ಮ್ಯಾಲಿನವ್ರಿಗೆ ಗಾಳಿ ಅಷ್ಟ ಬರ್ತೈತಿ. ಮೊದಲ ಅವ್ರಿಗೆ ಹತ್ತಲಿ, ಆಮ್ಯಾಲ ಉಳಿದದ್ದು."

ಹೀಗೆ ಓಣಿ ಓಣಿ ಸುತ್ತಿದೆವು. ಯಾವ ಗಲ್ಲಿ ಎತ್ತರ, ಯಾವ ತಿರುವಿನಲ್ಲಿ ಪೈಪು ಸಣ್ಣದು, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ಗಟಾರದ ಪಕ್ಕವೇ ಜೋಡಣೆ ಸೋರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಕೊಪ್ಪಳ ಸಮತಟ್ಟಾದ ಊರಲ್ಲ. ಕೋಟೆ ಕಡೆ, ಗುಡ್ಡದ ಕಡೆ ಬಂಡೆಯ ಮೇಲೇ ಮನೆಗಳಿವೆ. ಅಲ್ಲಿ ಪೈಪು ಆಳಕ್ಕೆ ಹೋಗೋಲ್ಲ. ಇದೆಲ್ಲ ನಕ್ಷೆಯಲ್ಲಿ ಕಾಣದ ವಿಷಯ. ನಾಳೆ ಅವನು ಕೆಲಸ ಬಿಟ್ಟರೆ ಈ ತಿಳಿವಳಿಕೆಯೂ ಅವನ ಜೊತೆ ಮನೆಗೆ ಹೋಗುತ್ತದೆ.

ಅವತ್ತು ಅವನು ತೋರಿಸಿದ ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡಿತು. ನೀರು ಬಿಟ್ಟ ಐದೇ ನಿಮಿಷಕ್ಕೆ ಓಣಿಯಲ್ಲಿ ಗುಂಯ್ ಅಂತ ಸದ್ದು. ಮನೆ ಮನೆಯಲ್ಲೂ ನಳಕ್ಕೆ ನೇರವಾಗಿ ಮೋಟರ್ ಹಚ್ಚಿದ್ದಾರೆ. ಮೋಟರ್ ಇದ್ದವರ ಟ್ಯಾಂಕು ತುಂಬುತ್ತದೆ, ಇಲ್ಲದವರ ಕೊಡ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಜಗಳದ ಮಾತು. ಆದರೆ ಇದರಲ್ಲಿ ಜೀವದ ಪ್ರಶ್ನೆಯೂ ಇದೆ. ದಿನಗಟ್ಟಲೆ ಖಾಲಿ ಇರೋ ಪೈಪಿನಲ್ಲಿ ಒತ್ತಡ ಇರೋಲ್ಲ. ಮೋಟರ್ ಜಗ್ಗಿದಾಗ ಸೋರುವ ಜೋಡಣೆಯಿಂದ ಹೊರಗಿನ ಗಟಾರದ ನೀರೂ ಒಳಕ್ಕೆ ಎಳೆಯುತ್ತದೆ. ಮೊದಲ ಎರಡು ಕೊಡ ಕೆಂಪಗೆ, ವಾಸನೆ ಬರೋದು ಅದಕ್ಕೇ. ಪಕ್ಕದ ರಾಯಚೂರಿನಲ್ಲಿ 2022ರಲ್ಲಿ ಏನಾಯಿತು ಅಂತ ನಾವು ಯಾರೂ ಮರೆತಿಲ್ಲ. ಕಾರಣ ಬೇರೆ ಇರಬಹುದು. ಆದರೆ ನಳದ ನೀರು ಕುಡಿದ ಜನ ವಾಂತಿ-ಭೇದಿಯಿಂದ ಆಸ್ಪತ್ರೆ ತುಂಬಿದರು, ಕೆಲವರು ಮನೆಗೆ ವಾಪಸ್ ಬರಲೇ ಇಲ್ಲ. ಕುಡಿಯೋ ನೀರು ಅಂದರೆ ಅಷ್ಟು ಗಂಭೀರ.

ಮೋಟರ್ ವಿಷಯ ಪ್ರಚಾರದಲ್ಲಿ ಎತ್ತಬೇಡ ಅಂತ ಹಿತೈಷಿಗಳು ಹೇಳಿದ್ದಾರೆ. ನನಗೆ ವೋಟು ಹಾಕುವವರ ಮನೆಯಲ್ಲೇ ಮೋಟರ್ ಇದೆಯಲ್ಲ! ಆದರೂ ಎತ್ತುತ್ತಿದ್ದೇನೆ. ಮೋಟರ್ ಹಚ್ಚಿದವರನ್ನು ನಾನು ಕಳ್ಳರು ಅಂತ ನೋಡುವುದಿಲ್ಲ. ನೀರು ಯಾವಾಗ ಬರುತ್ತೆ, ಎಷ್ಟು ಹೊತ್ತು ಬರುತ್ತೆ ಗೊತ್ತಿಲ್ಲದೇ ಇದ್ದಾಗ ಯಾರಾದರೂ ಸಿಕ್ಕಷ್ಟು ತುಂಬಿಕೊಳ್ಳುತ್ತಾರೆ. ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಗೋಡೆ ಮೇಲೆ ಬರೆದು ಅದರಂತೆ ನಡೆದರೆ ಅರ್ಧ ಮೋಟರ್ ತಾನಾಗೇ ನಿಲ್ಲುತ್ತವೆ ಅಂತ ವಾಲ್‌ಮನ್ ಹೇಳಿದ. ನನಗೂ ಅದೇ ನಂಬಿಕೆ. ಇದಕ್ಕೆ ಬೇಕಾದದ್ದು ಒಂದು ಡಬ್ಬಿ ಬಣ್ಣ, ಅವನ ಬಾಯಲ್ಲಿರೋ ಲೆಕ್ಕವನ್ನು ಕಾಗದಕ್ಕೆ ಇಳಿಸೋ ಒಬ್ಬರು, ಮತ್ತು ಅವನಿಗೆ ಹೊತ್ತಿಗೆ ಸರಿಯಾಗಿ ಸಂಬಳ.

ಹೊಸ ಪ್ಲಾಟು, ಹಳೆ ಓಣಿ

ಇನ್ನೊಂದು ದಿನದ ಮಾತು. ಅಂಗಡಿಗೆ ಹೊಸ ಬಡಾವಣೆಯ ಒಬ್ಬರು ಮೇಷ್ಟ್ರು ಬಂದಿದ್ದರು. ಸಾಲ ಮಾಡಿ ಸೈಟು ತಗೊಂಡು ಮನೆ ಕಟ್ಟಿದ್ದಾರೆ. ಬಡಾವಣೆ ಮಾಡಿದವರು ಕಲ್ಲು ನೆಟ್ಟು, ಪ್ಲಾಟು ಮಾರಿ ಹೋದರು. ಗಟಾರ ಅರ್ಧ, ರಸ್ತೆ ಜಲ್ಲಿ, ಪಾರ್ಕಿನ ಜಾಗದಲ್ಲಿ ಜಾಲಿ ಗಿಡ. ನೀರಿನ ಲೈನು ತಮ್ಮ ಕಡೆಗೂ ಎಳೆಯಬೇಕು ಅಂತ ಅರ್ಜಿ ಬರೆಸುತ್ತಿದ್ದರು. ಅದೇ ಹೊತ್ತಿಗೆ ಕೋಟೆ ಕಡೆಯ ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದೆ ಅಂತ ಆಧಾರ್, ಪಾಸ್‌ಬುಕ್ ಝೆರಾಕ್ಸ್ ಮಾಡಿಸಲು ಕಾಯುತ್ತಾ ಕೂತಿದ್ದರು. ನಾನು ಅರ್ಜಿಯನ್ನು ಗಟ್ಟಿಯಾಗಿ ಓದಿ ತೋರಿಸಿದೆ. ಮುಗಿಯುತ್ತಿದ್ದಂತೆ ಅಜ್ಜಿ ಕೇಳಿದರು. "ಏನಪಾ ತಮ್ಮಾ, ನಿಮ್ಮ ಕಡಿ ಪೈಪ್ ಎಳದ್ರ ನಮ್ಮ ಕಡಿ ನೀರು ಬರ್ತಾವೇನು?"

ಮೇಷ್ಟ್ರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಾವೂ ಟ್ಯಾಕ್ಸ್ ಕಟ್ಟತೀವಲ್ಲಬೇ" ಅಂದರು. ಅಜ್ಜಿ, "ಕಟ್ಟತೀರಿ ಬಿಡು. ನಾವೂ ಕಟ್ಟೇವಿ, ನಿಮ್ಮ ಅಪ್ಪ ಹುಟ್ಟೋಕಿಂತ ಮೊದ್ಲಿಂದ" ಅಂದರು. ಆಮೇಲೆ ಮೇಷ್ಟ್ರೇ ಎದ್ದು ಅವರ ಪಾಸ್‌ಬುಕ್ ನೋಡಿ, ಆಧಾರ್ ಜೋಡಣೆ ಆಗಿಲ್ಲ ಅಂತ ಹೇಳಿ, ಬ್ಯಾಂಕಿನಲ್ಲಿ ಏನು ಕೇಳಬೇಕು ಅಂತ ಒಂದು ಚೀಟಿ ಬರೆದುಕೊಟ್ಟರು. ಅಜ್ಜಿ ಆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ಇಬ್ಬರೂ ಹೇಳಿದ್ದು ನಿಜ. ನಮ್ಮೂರಿನ ಬೆಳವಣಿಗೆಯ ಇಡೀ ಸಿಕ್ಕು ಆ ಎರಡು ಮಾತಿನಲ್ಲಿದೆ. ಬಡಾವಣೆಗೆ ಒಪ್ಪಿಗೆ ಕೊಡೋದು ಒಂದು ಕಡೆ, ದೊಡ್ಡ ನೀರಿನ ಯೋಜನೆ ಮಾಡೋದು ಇನ್ನೊಂದು ಕಡೆ, ದಿನಾ ನೀರು ಬಿಡೋದು ಮತ್ತು ಬೈಸಿಕೊಳ್ಳೋದು ಮಗದೊಂದು ಕಡೆ. ಊರು ಹಾಸಿಕೊಂಡಷ್ಟೂ ಅದೇ ಟ್ಯಾಂಕು, ಅದೇ ಪೈಪು ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಹೊಸಬರಿಗೂ ಸಾಲೋಲ್ಲ, ಹಳಬರಿಗೂ ಸಾಲೋಲ್ಲ. ಕೊನೆಗೆ ಈ ಓಣಿಯವರು ಆ ಓಣಿಯವರನ್ನು ಬೈಯುತ್ತಾರೆ. ನಾನು ನಿಲ್ಲೋದು ಒಂದು ವಾರ್ಡಿಗೆ ಇರಬಹುದು. ಆದರೆ ನಮ್ಮ ವಾರ್ಡಿಗೆ ಎಳೆದುಕೊಂಡು ಪಕ್ಕದ ವಾರ್ಡು ಒಣಗಿಸಿದರೆ ಅದನ್ನು ಕೆಲಸ ಅಂತ ಕರೆಯಲಾರೆ. ಗಟಾರ, ರಸ್ತೆ, ನೀರಿನ ತೊಟ್ಟಿ, ಪಾರ್ಕಿನ ಜಾಗ ಎಲ್ಲಾ ಸರಿ ಇದೆಯಾ ಅಂತ ನೋಡದೆ ಯಾವ ಬಡಾವಣೆಯನ್ನೂ ಊರಿನ ತೆಕ್ಕೆಗೆ ತಗೋಬಾರದು. ಮಾಡಿದವರಿಂದಲೇ ಮಾಡಿಸಿಕೊಳ್ಳಬೇಕು. ಈಗಾಗಲೇ ಮನೆ ಕಟ್ಟಿ ಕೂತವರನ್ನು ಮಾತ್ರ ಅದಕ್ಕಾಗಿ ಶಿಕ್ಷಿಸಬಾರದು. ಇದು ಸುಲಭ ಅಲ್ಲ ಅಂತ ಗೊತ್ತು. ಹೊಸ ಲೈನು ಎಳೆಯೋ ಮೊದಲು ಹಳೆ ಲೈನಿನ ಕೊನೆಯ ಮನೆಗೆ ನೀರು ಹತ್ತುತ್ತದಾ ಅಂತ ನೋಡೋಣ ಅನ್ನೋ ಒಂದು ಕಟ್ಟುಪಾಡಾದರೂ ಬೇಡವಾ?

ದೊಡ್ಡದರ ನೆರಳಿನಲ್ಲಿ

ಕೊಪ್ಪಳದವರಿಗೆ ದೊಡ್ಡದು ಹೊಸದಲ್ಲ. ಮುನಿರಾಬಾದಿನ ತುಂಗಭದ್ರಾ ಡ್ಯಾಮ್ ನಮ್ಮ ತಾಲೂಕಿನಲ್ಲೇ ಇದೆ. ಮೂರು ರಾಜ್ಯಗಳ ಹೊಲಕ್ಕೆ ನೀರು ಕೊಡುತ್ತದೆ. ಹೊಸಪೇಟೆ ರಸ್ತೆಯ ಉದ್ದಕ್ಕೂ ಕಾರ್ಖಾನೆಗಳಿವೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದೆವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ವಿಧಿ ಬಂತು, ಅದರ ಹೆಸರಲ್ಲಿ ಅನುದಾನವೂ ಬಂತು. ಇದರಿಂದ ಲಾಭ ಆಗಿಲ್ಲ ಅಂತ ನಾನು ಹೇಳೋಲ್ಲ. ನಮ್ಮ ಮನೆಯ ಹುಡುಗರೇ ಮೀಸಲಾತಿಯಲ್ಲಿ ಸೀಟು ತಗೊಂಡು ಓದಿದ್ದಾರೆ.

ಆದರೆ 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಯಿತು, ಗೇಟೇ ಕೊಚ್ಚಿಹೋಯಿತು. ಆಮೇಲೆ ಒಂದು ವಾರ ನಾವೆಲ್ಲ ಟಿವಿ ಮುಂದೆ, ಮೊಬೈಲ್ ಮುಂದೆ ಉಸಿರು ಬಿಗಿ ಹಿಡಿದು ಕೂತಿದ್ದೆವು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ಅಡ್ಡ ಇಡೋ ಉಕ್ಕಿನ ತುಂಡುಗಳನ್ನು, ಇಳಿಸಿ ನಿಲ್ಲಿಸಿದ ಆ ಕೆಲಸಗಾರರಿಗೆ ಎಷ್ಟು ಕೈ ಮುಗಿದರೂ ಸಾಲದು. ಸುಮಾರು 70 ವರ್ಷ ಹಳೆಯ ಡ್ಯಾಮು. ಮೂರು ರಾಜ್ಯದ ರೈತರ ಬೆಳೆ ಒಂದು ಚೈನಿನ ಮೇಲೆ ನಿಂತಿತ್ತು. ನಮ್ಮ ಓಣಿಯ ವಾಲ್‌ಗೂ ಆ ಗೇಟಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೂ ಎರಡರ ಅಗತ್ಯ ಒಂದೇ. ಯಾರಾದರೂ ದಿನಾ ಹೋಗಿ ನೋಡಬೇಕು, ಎಣ್ಣೆ ಹಾಕಬೇಕು, ಸವೆದದ್ದನ್ನು ಬದಲಿಸಬೇಕು. ಅದಕ್ಕೆ ಬಜೆಟ್ಟಿನಲ್ಲಿ ಪ್ರತಿ ವರ್ಷ ದುಡ್ಡು ಇಡಬೇಕು.

2025ರ ಫೆಬ್ರುವರಿ 24ರಂದು ಊರ ಪಕ್ಕದ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಇಡೀ ಕೊಪ್ಪಳ ಬೀದಿಗೆ ಇಳಿಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ಅಂಗಡಿ ಬಾಗಿಲು ಹಾಕಿ ನಾವೂ ಹೋದೆವು. ಬೇಕು ಅನ್ನುವವರೂ ಊರಲ್ಲಿದ್ದಾರೆ. ಭೂಮಿ ಕೊಟ್ಟು ಕೆಲಸಕ್ಕೆ ಕಾಯುತ್ತಿರುವ ಮನೆಗಳಿವೆ, ಅವರ ನೋವು ಸಣ್ಣದಲ್ಲ. ನನಗೆ ಅನಿಸೋದು ಇಷ್ಟು. ಇಂಥ ದೊಡ್ಡ ತೀರ್ಮಾನ ನಗರಸಭೆ ಕೈಯಲ್ಲಿ ಇಲ್ಲದಿರಬಹುದು. ಆದರೆ ಬೆಳಗ್ಗೆ ಒಣಗಲು ಹಾಕಿದ ಬಟ್ಟೆ ಮೇಲೆ ಕರಿ ಕೂತಿದ್ದು, ಯಾವ ಓಣಿಯಲ್ಲಿ ಮಕ್ಕಳಿಗೆ ಕೆಮ್ಮು ಬಿಡುತ್ತಿಲ್ಲ ಅನ್ನೋದು ಗೊತ್ತಿರೋದು ಅಲ್ಲಿಯ ಜನರಿಗೆ. ಅದನ್ನು ದಿನಾಂಕ ಸಮೇತ ಬರೆದು, ಸಾಮಾನ್ಯ ಸಭೆಯ ನಡಾವಳಿಗೆ ಸೇರಿಸೋ ಹಕ್ಕು ಆರಿಸಿಬಂದ ಮೆಂಬರ್‌ಗೆ ಇದೆ. ಬೀದಿಯಲ್ಲಿ ಕೂಗಿದ್ದು ಮರುದಿನ ಪೇಪರಿನಲ್ಲಿ ಬರುತ್ತದೆ. ನಡಾವಳಿಯಲ್ಲಿ ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಮುಂದೆ ಕೋರ್ಟಿಗೂ ಬೇಕಾಗುತ್ತದೆ.

ಜನ ಸೇರಿದರೆ ಏನಾಗುತ್ತದೆ ಅನ್ನೋದಕ್ಕೆ ನಾವು ದೂರ ಹೋಗಬೇಕಿಲ್ಲ. 2019ರಲ್ಲಿ ಹಿರೇಹಳ್ಳದಲ್ಲಿ ಹೂಳು, ಜಾಲಿ, ಕಸ ತುಂಬಿ ಹಳ್ಳವೇ ಕಾಣದಂತಾಗಿದ್ದಾಗ ಸ್ವಾಮೀಜಿ ಕರೆ ಕೊಟ್ಟರು. ರೈತರು, ಹುಡುಗರು, ಮಠದ ಭಕ್ತರು ಬಂದರು. ಜೆಸಿಬಿ, ಟ್ರ್ಯಾಕ್ಟರು ಬಂದವು. ಹೆಂಗಸರು ರೊಟ್ಟಿ ಬುತ್ತಿ ಕಟ್ಟಿ ಕಳಿಸಿದರು. ಕಿಲೋಮೀಟರುಗಟ್ಟಲೆ ಹಳ್ಳ ಸ್ವಚ್ಛವಾಯಿತು. ಜಾತ್ರೆಗೆ ರೊಟ್ಟಿ ಹೊರೆ ಹೊರೆಯಾಗಿ ತಂದು ಕೊಡೋ ಊರು ಇದು, ಕೊಡೋದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಪ್ರತಿ ಸಲ ಸ್ವಾಮೀಜಿಯೇ ಕರೆ ಕೊಡಬೇಕಾ? ನಮ್ಮ ಗಟಾರಕ್ಕೂ ಅವರೇ ಬರಬೇಕಾ? ವಾರ್ಡಿನ ಕೆಲಸಕ್ಕೆ ವಾರ್ಡಿನವರನ್ನು ಕೂಡಿಸೋ ಜಾಗ ನಮ್ಮಲ್ಲಿ ಇಲ್ಲ.

ಸಭೆಯೇ ಇಲ್ಲದ ಊರು

ನನ್ನ ತವರು ಹಳ್ಳಿ. ಅಲ್ಲಿ ಗ್ರಾಮಸಭೆ ಆಗುತ್ತದೆ. ಹೆಸರಿಗಷ್ಟೇ ಆಗೋದೂ ಉಂಟು, ಒಪ್ಪುತ್ತೇನೆ. ಆದರೂ ನಮ್ಮ ಅಣ್ಣ ಎದ್ದು ನಿಂತು "ಈ ಬಿಲ್ ಯಾವ ಕೆಲಸದ್ದು?" ಅಂತ ಕೇಳಬಹುದು. ಕೇಳಿದ್ದಾನೆ, ಉತ್ತರವನ್ನೂ ಪಡೆದಿದ್ದಾನೆ. 2011ರ ಜನಗಣತಿಯಲ್ಲೇ 70 ಸಾವಿರ ಜನ ಇದ್ದ ಕೊಪ್ಪಳದಲ್ಲಿ ನನಗೆ ಅಂಥ ಒಂದು ಜಾಗ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಅಂದದ್ದು 3 ಲಕ್ಷ ಅಥವಾ ಅದಕ್ಕೂ ಜಾಸ್ತಿ ಜನ ಇರೋ ಊರುಗಳಿಗೆ. ಹಳ್ಳಿಗೂ ಮಹಾನಗರಕ್ಕೂ ನಡುವೆ ಇರೋ ನಮ್ಮಂಥ ಊರುಗಳ ಜನ ಐದು ವರ್ಷಕ್ಕೊಮ್ಮೆ ವೋಟು ಹಾಕಿ ಮನೆಗೆ ಬರಬೇಕು, ಅಷ್ಟೇ.

ಆ ವೋಟಿಗಾದರೂ ಬೆಲೆ ಬಂತಾ ನೋಡಿ. 2018ರ ಆಗಸ್ಟ್ 31ರಂದು ನಾವು ಮತ ಹಾಕಿದೆವು, ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಬಿತ್ತು. ರಾಜ್ಯದ ಎಷ್ಟೋ ಊರುಗಳಲ್ಲಿ 2020ರ ಕೊನೆಯವರೆಗೂ ಗೆದ್ದವರು ಅಧಿಕಾರಕ್ಕೇ ಬರಲಿಲ್ಲ. ಕೊರೋನಾದ ಮೊದಲ ತಿಂಗಳುಗಳು ಹಾಗೇ ಕಳೆದವು. 30 ತಿಂಗಳ ಮೊದಲ ಅವಧಿ ಮುಗಿದಾಗ ಮತ್ತೆ ಅದೇ ಕಥೆ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಮೆಂಬರ್ ಇದ್ದಾರೆ, ಮಂಡಳಿ ಇಲ್ಲ. ಜನ ಯಾರ ಹತ್ತಿರ ಹೋಗಬೇಕು? ನನ್ನ ಅಂಗಡಿಗೆ ಬಂದರು, ಅರ್ಜಿ ಬರೆಸಿದರು. ನಾನು ಚುನಾವಣೆಗೆ ನಿಲ್ಲಬೇಕು ಅಂತ ಮೊದಲ ಸಲ ಅನಿಸಿದ್ದು ಆ ದಿನಗಳಲ್ಲೇ.

ಅದಕ್ಕೇ ನನ್ನ ಪ್ರಚಾರದ ಮೊದಲ ಮಾತು ವಾರ್ಡ್ ಸಭೆ. ಕಾನೂನು ಕಡ್ಡಾಯ ಮಾಡಿಲ್ಲ ಅಂದರೆ ಮಾಡಬಾರದು ಅಂತ ಅರ್ಥ ಅಲ್ಲ. ಮೂರು ತಿಂಗಳಿಗೊಮ್ಮೆ ಹನುಮಪ್ಪನ ಗುಡಿ ಕಟ್ಟೆ ಮೇಲೋ, ಶಾದಿಮಹಲಿನ ಅಂಗಳದಲ್ಲೋ, ಎಲ್ಲಾ ಓಣಿಯವರಿಗೂ ಬರೋದಕ್ಕೆ ಸಂಕೋಚ ಆಗದ ಜಾಗದಲ್ಲಿ ಕೂಡೋಣ. ಸಂಜೆ ಏಳರ ಮೇಲೆ, ಯಾಕೆಂದರೆ ಕೂಲಿಗೆ ಹೋದವರು ಬರಬೇಕು. ವಾರ್ಡಿಗೆ ಯಾವ ಕೆಲಸ ಮಂಜೂರಾಗಿದೆ, ಎಷ್ಟು ದುಡ್ಡು, ಯಾರು ಗುತ್ತಿಗೆ, ಬಿಲ್ ಆಯಿತಾ ಅಂತ ಗಟ್ಟಿಯಾಗಿ ಓದುತ್ತೇನೆ. ಗಟ್ಟಿಯಾಗಿ ಓದೋದು ನನ್ನ ವೃತ್ತಿಯಿಂದ ಬಂದ ಅಭ್ಯಾಸ. ಬರೆಸಿದವರು ಕೇಳಿದ ಮೇಲೆಯೇ ಅರ್ಜಿಗೆ ಸಹಿ ಮಾಡಿಸೋದು. ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಲಹೆ ಕೇಳೋ ಸಭೆ ಹೇಗೂ ಆಗುತ್ತದೆ, ಅದಕ್ಕೆ ಬೆರಳೆಣಿಕೆಯ ಜನ ಬರುತ್ತಾರೆ. ವಾರ್ಡ್ ಸಭೆಯಲ್ಲಿ ಮೊದಲೇ ಕೂತು, ನಮಗೆ ಯಾವುದು ಮೊದಲು ಅಂತ ಜಗಳ ಆಡಿ ತೀರ್ಮಾನಿಸಿ, ಆ ಕಾಗದ ಹಿಡಿದುಕೊಂಡು ಹೋದರೆ ಮಾತಿಗೆ ತೂಕ ಬರುತ್ತೆ ಅಲ್ವಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ನೀವು ನಿಲ್ರಿ ಅಕ್ಕಾರ, ಓಡಾಟ ಎಲ್ಲಾ ಮನಿಯವ್ರು ನೋಡ್ಕೋತಾರಲ್ಲ?" ಅಂತ ಕೇಳುವವರು ಬಹಳ. ನನ್ನ ಗಂಡ ಅಂಗಡಿ ನೋಡಿಕೊಳ್ಳುತ್ತಾರೆ. ಸಭೆಗೆ ಹೋಗೋದು, ಎಂಜಿನಿಯರ್ ಜೊತೆ ಮಾತಾಡೋದು, ಫೋನ್ ಎತ್ತೋದು ನಾನು. ಅರ್ಧ ಸೀಟು ಹೆಂಗಸರಿಗೆ ಅಂತ ಕೊಟ್ಟಿರೋದು ಗಂಡಂದಿರು ಬಂದು ಕೂರಲಿ ಅಂತಲ್ಲ. ನಸುಕಿನಲ್ಲಿ ಎದ್ದು ಕೊಡ ಸಾಲಿಗಿಟ್ಟು ಕಾಯೋರು ನಾವು. ನೀರಿನ ಬಗ್ಗೆ ನಮಗಿಂತ ಜಾಸ್ತಿ ಗೊತ್ತಿರೋರು ಯಾರು?

ಖರ್ಚಿನ ಮಾತೂ ಬರುತ್ತದೆ. ಹೋದ ಚುನಾವಣೆಯಲ್ಲಿ ನಗರಸಭೆ ಅಭ್ಯರ್ಥಿಗೆ ಆಯೋಗ ಇಟ್ಟ ಮಿತಿ 2 ಲಕ್ಷ ರೂಪಾಯಿ. ಮನೆಗೆ ಇಷ್ಟು ಅಂತ ಹಂಚುವವರ ಎದುರು ನಾನು ನಿಲ್ಲಬೇಕು. ನಾನು ಹಂಚೋಲ್ಲ. ಕರಪತ್ರ ನಮ್ಮ ಅಂಗಡಿಯಲ್ಲೇ ಅಚ್ಚಾಗುತ್ತದೆ. ಅದರ ಹಿಂದಿನ ಪುಟದಲ್ಲಿ ಫೋಟೋ ಬದಲು ವಾರ್ಡಿನ ನಕ್ಷೆ ಹಾಕಿಸುತ್ತಿದ್ದೇನೆ. ವಾಲ್ ಎಲ್ಲಿವೆ, ತುಂಬಿ ಹರಿಯೋ ಚೇಂಬರ್ ಎಲ್ಲಿವೆ, ಕತ್ತಲೆ ಮೂಲೆಗಳು ಎಲ್ಲಿವೆ ಅಂತ ಗುರುತು ಮಾಡಿದ್ದು. ಅಜ್ಜಿಯಂದಿರು, ಕಾಲೇಜು ಹುಡುಗಿಯರು, ಪೌರಕಾರ್ಮಿಕರು ಹೇಳಿ ಹೇಳಿ ತಿದ್ದಿಸಿದ ನಕ್ಷೆ ಅದು.

ವಾರ್ಡುಗಳ ಮೀಸಲಾತಿ ಪಟ್ಟಿ ಹೇಗೆ ಬರುತ್ತೆ ಅನ್ನೋದರ ಮೇಲೆ ನಾನು ನಿಲ್ಲೋದು ನಿಂತಿದೆ. ನಮ್ಮ ವಾರ್ಡು ಬೇರೆ ವರ್ಗಕ್ಕೆ ಹೋದರೆ ಇಲ್ಲಿ ನನಗೆ ಅವಕಾಶ ಇಲ್ಲ. ಆಗ ಯಾರು ನಿಲ್ಲುತ್ತಾರೋ, ಯಾವ ಪಕ್ಷದಿಂದಲೇ ನಿಲ್ಲಲಿ, ಅವರೆಲ್ಲರ ಮನೆಗೂ ಈ ನಕ್ಷೆಯ ಒಂದೊಂದು ಪ್ರತಿ, ವಾಲ್‌ಮನ್ ಹೇಳಿ ಬರೆಸಿದ ನೀರಿನ ವೇಳಾಪಟ್ಟಿ ಸಮೇತ, ನಾನೇ ತಲುಪಿಸುತ್ತೇನೆ. ಝೆರಾಕ್ಸ್ ಖರ್ಚು ನಮ್ಮದು.